ಬಣ್ಣಕ್ಕೂ ಮುಂಚಿನ ಕೆಲಸ

ಅಪ್ಪನ ಹಳೆಯ ಜಾವಾ ಬೈಕಿನ ಸಿಲಿಂಡರ್ ಬ್ಲಾಕು ಎರಡು ತಿಂಗಳು ನಮ್ಮ ಹಿತ್ತಿಲಿನ ಬಟ್ಟೆ ಒಗೆಯುವ ಕಲ್ಲಿನ ಪಕ್ಕದಲ್ಲಿ ಬಿದ್ದಿತ್ತು. ಎರಕದ ಕಬ್ಬಿಣದ್ದು, ಒಂದು ಕೈಯಲ್ಲಿ ಎತ್ತಲು ಭಾರ. ಗಾಳಿಗೆ ಬಿಸಿ ಬಿಟ್ಟುಕೊಡಲೆಂದು ಸುತ್ತಲೂ ತೆಳುವಾದ ರೆಕ್ಕೆಗಳು. ಆ ರೆಕ್ಕೆಗಳ ಸಂದಿಯಲ್ಲಿ ಎಣ್ಣೆ, ಕೆಮ್ಮಣ್ಣು, ತುಕ್ಕು, ಯಾರೋ ಯಾವಾಗಲೋ ಬಳಿದ ಸಿಲ್ವರ್ ಪೇಂಟು. ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಗಾಡಿ ತಯಾರಿಕೆ ಶುರುಮಾಡಿ 1996ರಲ್ಲಿ ಬಾಗಿಲು ಮುಚ್ಚಿತು. ಜಾವಾ ಎಂಬ ಹೆಸರು ನಡುವೆ ಯೆಜ್ಡಿ ಆಯಿತು. ನಮ್ಮೂರಿನವರಿಗೆ ಇದನ್ನು ಹೇಳಬೇಕಾಗಿಲ್ಲ. ಜುಲೈನ ಎರಡನೇ ಭಾನುವಾರ ಆ ಗಾಡಿಗಳು ಹೊಳೆಯುತ್ತಾ ಸಾಲಾಗಿ ಹೋಗುವುದನ್ನು ನೋಡಿಯೇ ನನಗೂ ಆಸೆ ಹುಟ್ಟಿದ್ದು.

ಮೊದಲ ಸಲ ಅವಸರ ಮಾಡಿದೆ. ಸೀಮೆಎಣ್ಣೆಯಲ್ಲಿ ತೊಳೆದು, ಒರೆಸಿ, ಬಿಸಿ ತಡೆಯುವ ಕಪ್ಪು ಬಣ್ಣ ಹೊಡೆದೆ. ಎಂಜಿನ್ ನಾಲ್ಕು ಸಲ ಕಾಯುವಷ್ಟರಲ್ಲಿ ಬಣ್ಣ ಹಪ್ಪಳದಂತೆ ಎದ್ದಿತು. ಬ್ಲಾಕು ಮತ್ತೆ ಹಿತ್ತಿಲಿಗೆ ಬಂತು. ಅಪ್ಪನ ಕಾಲದಿಂದ ಈ ಗಾಡಿ ನೋಡಿಕೊಂಡ ಮೆಕ್ಯಾನಿಕ್ ಒಬ್ಬರಿದ್ದಾರೆ, ದೊಡ್ಡಪ್ಪನ ವಯಸ್ಸಿನವರು. ನೋಡಿ ನಕ್ಕರು. "ಎರಕ ಅಲ್ವೇನಪ್ಪ, ಎಣ್ಣೆ ಒಳಗೇ ಕೂತಿರತ್ತೆ. ಕಾಯಿಸಿದ್ರೆ ಬೆವರತ್ತೆ. ಬೆವರೋ ಮೈ ಮೇಲೆ ಬಣ್ಣ ನಿಲ್ಲತ್ತಾ?" ಕಾಸ್ಟಿಕ್ ಸೋಡಾ ಹಾಕಿದ ನೀರಲ್ಲಿ ನೆನೆಸು ಎಂದರು, ಅಲ್ಯೂಮಿನಿಯಂ ಹೆಡ್ಡನ್ನು ಮಾತ್ರ ಅದರ ಹತ್ತಿರ ತರಬೇಡ, ತಿಂದುಹಾಕುತ್ತದೆ ಎಂದರು. ಆಮೇಲೆ ನನ್ನ ಮುಖ ನೋಡಿ, "ನಿನ್ ಕೈಲಿ ಇದೆಲ್ಲ ಆಗಲ್ಲ. ಬ್ಲಾಸ್ಟಿಂಗ್‌ಗೆ ಕೊಟ್ಬಿಡು. ಅರ್ಧ ಗಂಟೆ ಕೆಲಸ" ಎಂದರು.

ಕೊಡಲು ಹೋದೆ. ಊರ ಹೊರಗಿನ ಒಂದು ತಗಡಿನ ಶೆಡ್ಡು. ಕಂಪ್ರೆಸರಿನ ಸದ್ದಿಗೆ ಮಾತು ಕೇಳಿಸುತ್ತಿರಲಿಲ್ಲ. ನನಗಿಂತ ಚಿಕ್ಕವನೊಬ್ಬ ಮುಖಕ್ಕೆ ಒದ್ದೆ ಟವಲು ಸುತ್ತಿಕೊಂಡು, ಗೇಟೊಂದಕ್ಕೆ ಪೈಪಿನಿಂದ ಮರಳು ಹೊಡೆಯುತ್ತಿದ್ದ. ಮನೆ ಕಟ್ಟುವ ಮರಳೇ, ಜರಡಿ ಹಿಡಿದದ್ದು. ಬಿಳಿ ದೂಳಿನಲ್ಲಿ ಅವನ ಕಾಲು ಮಾತ್ರ ಕಾಣುತ್ತಿತ್ತು.

ನನ್ನ ಸಂಶೋಧನೆ ಮೈಸೂರಿನ ಕಾರ್ಖಾನೆ ಕಾರ್ಮಿಕರ ಕುರಿತದ್ದು. ಹಾಗಾಗಿ ಆ ದೂಳಿನ ಚರಿತ್ರೆಯನ್ನು ಅಷ್ಟಿಷ್ಟು ಓದಿದ್ದೆ. ಎರಕದ ಮನೆಯಲ್ಲಿ ಅಚ್ಚಿನಿಂದ ತೆಗೆದ ಯಾವ ಭಾಗವೂ ಚೊಕ್ಕವಾಗಿ ಹೊರಬರುವುದಿಲ್ಲ. ಅಚ್ಚಿನ ಮರಳು ಸುಟ್ಟು ಅದರ ಮೈಗೆ ಅಂಟಿರುತ್ತದೆ. ಉಳಿ, ಅರ, ತಂತಿ ಬ್ರಷ್ಷುಗಳಲ್ಲಿ ಗಂಟೆಗಟ್ಟಲೆ ಕೆರೆಯಬೇಕಿತ್ತು. 1870ರ ಅಕ್ಟೋಬರಿನಲ್ಲಿ ಫಿಲಡೆಲ್ಫಿಯಾದ ಬೆಂಜಮಿನ್ ಚ್ಯೂ ಟಿಲ್ಗ್‌ಮನ್, ವೇಗವಾಗಿ ಚಿಮ್ಮುವ ಮರಳಿನಿಂದ ಗಟ್ಟಿ ವಸ್ತುಗಳನ್ನು ಕೆತ್ತುವ, ಉಜ್ಜುವ ವಿಧಾನಕ್ಕೆ ಅಮೆರಿಕದಲ್ಲಿ ಪೇಟೆಂಟ್ ಪಡೆದ. ಗಂಟೆಗಳ ಕೆಲಸ ನಿಮಿಷಗಳಿಗೆ ಇಳಿಯಿತು. ಇತ್ತ ಮಿಲಾನಿನ ಆಸ್ಪತ್ರೆಯೊಂದರಲ್ಲಿ ಶವಪರೀಕ್ಷೆ ಮಾಡುತ್ತಿದ್ದ ಅಕಿಲೆ ವಿಸ್ಕಾಂಟಿ, ಕಲ್ಲಿನ ದೂಳು ಕೂತು ಗಟ್ಟಿಯಾದ ಶ್ವಾಸಕೋಶದ ಕಾಯಿಲೆಗೆ ಸಿಲಿಕೋಸಿಸ್ ಎಂಬ ಹೆಸರು ಬಳಸಿದ್ದೂ 1870ರಲ್ಲೇ ಎನ್ನುತ್ತಾರೆ. ಇಬ್ಬರಿಗೂ ಒಬ್ಬರಿಗೊಬ್ಬರ ಸುದ್ದಿ ಗೊತ್ತಿದ್ದಿರಲಾರದು. ಕಾಕತಾಳೀಯವೇ ಇರಬಹುದು, ನನಗೆ ಮಾತ್ರ ಆ ಇಸವಿ ತಲೆಯಿಂದ ಹೋಗುತ್ತಿಲ್ಲ.

ಮರಳಿನ ಕಣ ಲೋಹಕ್ಕೆ ಬಡಿದಾಗ ಒಡೆಯುತ್ತದೆ. ಕಣ್ಣಿಗೆ ಕಾಣುವ ದೂಳು ಮೂಗಿನಲ್ಲೇ ನಿಲ್ಲುತ್ತದೆ. ಕಾಣದಷ್ಟು ಸಣ್ಣದು ಶ್ವಾಸಕೋಶದ ತಳಕ್ಕೆ ಇಳಿದು ಅಲ್ಲೇ ಉಳಿಯುತ್ತದೆ. ಅದರ ಸುತ್ತ ಗಾಯದ ಕಲೆಯಂಥ ಗಂಟುಗಳು ಬೆಳೆಯುತ್ತವೆ, ಕೆಲಸ ಬಿಟ್ಟ ಮೇಲೂ ಬೆಳೆಯುತ್ತಲೇ ಹೋಗಬಹುದು. ಗುಣವಾಗುವ ಔಷಧಿ ಇಲ್ಲ. ಒದ್ದೆ ಟವಲು ಇದನ್ನು ತಡೆಯುವುದಿಲ್ಲ.

ಬ್ರಿಟನ್ 1949ರ ನಿಯಮದಲ್ಲಿ ಎರಕದ ಭಾಗಗಳನ್ನು ಹೀಗೆ ಸ್ವಚ್ಛಗೊಳಿಸಲು ಮರಳು ಬಳಸುವುದನ್ನೇ ನಿಷೇಧಿಸಿತು. ಪೇಟೆಂಟಿನಿಂದ ಅಲ್ಲಿಗೆ 79 ವರ್ಷ. ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆ 1974ರಲ್ಲಿ ನಿಷೇಧಕ್ಕೆ ಶಿಫಾರಸು ಮಾಡಿತು, ಶಿಫಾರಸನ್ನಷ್ಟೇ. 2025ರವರೆಗೆ ಜಾರಿಯಲ್ಲಿದ್ದ ನಮ್ಮ 1948ರ ಕಾರ್ಖಾನೆ ಕಾಯಿದೆಯ ಮೂರನೇ ಅನುಸೂಚಿಯಲ್ಲಿ ಸಿಲಿಕೋಸಿಸ್ ಇತ್ತು. ರೋಗಿ ಸಿಕ್ಕರೆ ವೈದ್ಯರು ಮುಖ್ಯ ಕಾರ್ಖಾನೆ ನಿರೀಕ್ಷಕರಿಗೆ ತಿಳಿಸಲೇಬೇಕಿತ್ತು. ಆದರೆ ಮೂರು ಜನ ದುಡಿಯುವ ತಗಡಿನ ಶೆಡ್ಡು ಸಾಮಾನ್ಯವಾಗಿ ಆ ಕಾಯಿದೆಯ ಲೆಕ್ಕದಲ್ಲಿ ಕಾರ್ಖಾನೆಯೇ ಆಗಿರಲಿಲ್ಲ. ಟರ್ಕಿಯಲ್ಲಿ ಇದೇ ಮರಳಿನ ಪೈಪು ಜೀನ್ಸ್ ಪ್ಯಾಂಟನ್ನು ಹಳತಾಗಿ ಕಾಣಿಸಲು ಬಳಕೆಯಾಗುತ್ತಿತ್ತು. ಹುಡುಗರು ಸತ್ತ ಮೇಲೆ 2009ರಲ್ಲಿ ನಿಂತಿತು. ಶೆಡ್ಡಿನ ಮುಂದೆ ನಿಂತಿದ್ದ ನಾನೂ ಮಂಡಿಯಲ್ಲಿ ಬಣ್ಣ ಮಾಸಿಸಿದ ಜೀನ್ಸನ್ನೇ ಹಾಕಿದ್ದೆ.

ಜಾವಾದ ಹಳೆಯ ಜಾಹೀರಾತುಗಳನ್ನು ನೋಡಿದ್ದೇನೆ. ಬಣ್ಣ, ಕ್ರೋಮು, ಮೈಲೇಜು ಎಲ್ಲ ಅಲ್ಲಿದೆ. ಬಣ್ಣ ಬಳಿದವರನ್ನಾದರೂ ಜನ ನೆನೆಯುತ್ತಾರೆ. ಬಣ್ಣಕ್ಕೂ ಮುಂಚೆ ಉಜ್ಜಿದವರ ಕೆಲಸ ಬಣ್ಣದ ಕೆಳಗೇ ಮುಚ್ಚಿಹೋಗುತ್ತದೆ. ಚೆನ್ನಾಗಿ ಮಾಡಿದಷ್ಟೂ ಅದು ಕಾಣುವುದಿಲ್ಲ.

ಬ್ಲಾಕನ್ನು ವಾಪಸು ಚೀಲಕ್ಕೆ ಹಾಕಿಕೊಂಡೆ. ಹುಡುಗ ಟವಲು ಬಿಚ್ಚುತ್ತಾ ಹತ್ತಿರ ಬಂದ. "ಯಾಕ್ ಸಾರ್, ರೇಟ್ ಜಾಸ್ತಿ ಆಯ್ತಾ? ಐವತ್ತು ಕಮ್ಮಿ ಮಾಡ್ಕೊಡ್ತೀನಿ." ದೂಳಿನ ಬಗ್ಗೆ ಹೇಳಿದೆ. ಮರಳಿನ ಬದಲು ಉಕ್ಕಿನ ಹರಳು ಬರುತ್ತೆ, ಹೊರಗಿನಿಂದ ಗಾಳಿ ಕೊಡುವ ಹೆಲ್ಮೆಟ್ಟು ಬರುತ್ತೆ ಅಂದೆ. ಅವನು ಸುಮ್ಮನೆ ಕೇಳಿಸಿಕೊಂಡ. "ಓನರ್ ಹತ್ರ ಹೇಳಿ ಸಾರ್" ಅಂದ. ಓನರ್ ಇರಲಿಲ್ಲ. ಫೋನ್ ನಂಬರ್ ಬರೆದುಕೊಂಡು ಬಂದೆ. ಮೂರು ಸಲ ಮಾಡಿದೆ, ಎತ್ತಲಿಲ್ಲ.

ಕೈಯಲ್ಲಿ ಮಾಡಲು ಎಂಟು ಸಂಜೆ ಹಿಡಿಯಿತು. ರಬ್ಬರ್ ಗ್ಲೌಸು ಹಾಕಿಕೊಂಡು ಕಾಸ್ಟಿಕ್ ಸೋಡಾದಲ್ಲಿ ನೆನೆಸಿ, ತೊಳೆದು, ಒಣಗಿಸಿ, ಎಣ್ಣೆ ಬೆವರಿಸಲು ಕಾಯಿಸಿ, ಥಿನ್ನರಿನಲ್ಲಿ ಒರೆಸಿ, ಮತ್ತೆ ಕಾಯಿಸಿ. ರೆಕ್ಕೆಗಳ ಸಂದಿಗೆ ಹಳೆಯ ಹಲ್ಲುಜ್ಜುವ ಬ್ರಷ್ಷು, ತಂತಿ ಬ್ರಷ್ಷು. ಮಳೆಗಾಲ ಬೇರೆ, ಬರಿಮೈ ಕಬ್ಬಿಣ ರಾತ್ರಿ ಕಳೆಯುವಷ್ಟರಲ್ಲಿ ಕೆಂಪಗಾಗುತ್ತಿತ್ತು. ಕೊನೆಯ ದಿನ ಬೋರು, ಪೋರ್ಟುಗಳು, ಗ್ಯಾಸ್ಕೆಟ್ ಕೂರುವ ಜಾಗಗಳನ್ನು ಟೇಪಿನಿಂದ ಮುಚ್ಚಿ, ಬಿಸಿಲು ಬಿದ್ದ ಒಂದು ಗಂಟೆಯಲ್ಲಿ ತೆಳುವಾಗಿ ಎರಡು ಕೋಟು ಹೊಡೆದೆ. ಮೆಕ್ಯಾನಿಕ್ ಉಗುರಿನಿಂದ ಒಂದು ಮೂಲೆ ಕೆರೆದು ನೋಡಿದರು. "ನಿಂತಿದೆ" ಅಂದರು. ಒಳಗಿನ ಎರಡು ರೆಕ್ಕೆಗಳ ಬುಡದಲ್ಲಿ ಹಳೆಯ ಸಿಲ್ವರ್ ಪೇಂಟು ಇನ್ನೂ ಸ್ವಲ್ಪ ಉಳಿದಿದೆ. ಅಲ್ಲಿಗೆ ಬ್ರಷ್ಷು ಹೋಗಲಿಲ್ಲ.