ಹೂಪ್: ಬಳೆಯೊಂದು, ಅರ್ಥ ಹಲವು

ಮರ, ಲೋಹ ಅಥವಾ ಪ್ಲಾಸ್ಟಿಕ್ಕಿನ ಪಟ್ಟಿಯನ್ನು ಬಾಗಿಸಿ ತುದಿಗಳನ್ನು ಕೂಡಿಸಿದ ಬಳೆಗೆ ಇಂಗ್ಲಿಷಿನಲ್ಲಿ ಹೂಪ್ ಎಂದು ಹೆಸರು. ಕನ್ನಡದಲ್ಲಿ ಇದಕ್ಕೆ ಒಂದೇ ಪದವಿಲ್ಲ. ಕೆಲಸಕ್ಕೆ ತಕ್ಕಂತೆ ಬಳೆ, ಪಟ್ಟಿ, ಹಳಿ, ರಿಂಗ್ ಎಂದು ಹೆಸರು ಬದಲಾಗುತ್ತದೆ. ಆಟದ ವಸ್ತುವಾಗಿಯೇ ಇದು ಹೆಚ್ಚು ಪರಿಚಿತವಾದರೂ ಇದರ ಮುಖ್ಯ ಕೆಲಸ ಬಿಗಿಹಿಡಿಯುವುದು.

ಮರದ ಪೀಪಾಯಿಯ ಹಲಗೆಗಳನ್ನು ಸೋರದಂತೆ ಒತ್ತಿ ಹಿಡಿಯುವುದು ಕಬ್ಬಿಣದ ಬಳೆಗಳೇ. ಎತ್ತಿನ ಗಾಡಿಯ ಚಕ್ರಕ್ಕೆ ತೊಡಿಸುವ ಹಳಿಯನ್ನು ಕಮ್ಮಾರರು ಚಕ್ರದ ಸುತ್ತಳತೆಗಿಂತ ತುಸು ಕಿರಿದಾಗಿ ಮಾಡುತ್ತಾರೆ. ಕೆಂಪಗೆ ಕಾಯಿಸಿದಾಗ ಹಿಗ್ಗುವ ಹಳಿಯನ್ನು ಚಕ್ರಕ್ಕೆ ಹಾಕಿ ನೀರೆರೆದರೆ, ಅದು ಕುಗ್ಗಿ ಮರದ ಕೀಲುಗಳನ್ನೆಲ್ಲ ಬಿಗಿಗೊಳಿಸುತ್ತದೆ.

ಆಟದ ಅಂಗಳದಲ್ಲಿ ಇದರ ರೂಪಗಳು ಹಲವು. 1891ರಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಜೇಮ್ಸ್ ನೈಸ್ಮಿತ್ ಪೀಚ್ ಹಣ್ಣಿನ ಬುಟ್ಟಿಗಳನ್ನು ಕಟ್ಟಿ ಆರಂಭಿಸಿದ ಬ್ಯಾಸ್ಕೆಟ್‌ಬಾಲ್‌ನಲ್ಲಿ ಇಂದು ಸುಮಾರು 45 ಸೆಂ.ಮೀ. ವ್ಯಾಸದ ಬಳೆ 3.05 ಮೀಟರ್ ಎತ್ತರದಲ್ಲಿರುತ್ತದೆ. ಸೊಂಟದ ಸುತ್ತ ತಿರುಗಿಸುವ ಪ್ಲಾಸ್ಟಿಕ್ ಹೂಲಾ ಹೂಪ್ ಅನ್ನು ವಾಮ್-ಓ ಕಂಪನಿ 1958ರಲ್ಲಿ ಜನಪ್ರಿಯಗೊಳಿಸಿತು. ಸರ್ಕಸ್ಸಿನ ಪ್ರಾಣಿಗಳು ಬಳೆಯೊಳಗಿಂದ ಹಾರುತ್ತಿದ್ದುದನ್ನು ನೆನಪಿಸುವ ಇಂಗ್ಲಿಷ್ ನುಡಿಗಟ್ಟೊಂದು, ಕೆಲಸವಾಗಲು ಹತ್ತಾರು ಅನಗತ್ಯ ವಿಧಿಗಳನ್ನು ಪೂರೈಸಬೇಕಾದ ಪಾಡನ್ನು ಸೂಚಿಸುತ್ತದೆ.

ಇಂಜಿನಿಯರಿಂಗ್‌ನಲ್ಲಿ ಈ ಪದಕ್ಕೆ ನಿಖರವಾದ ಅರ್ಥವಿದೆ. ಒತ್ತಡ ತುಂಬಿದ ತೆಳುಗೋಡೆಯ ಕೊಳವೆಯ ಸುತ್ತಳತೆಯ ದಿಕ್ಕಿನಲ್ಲಿ ಉಂಟಾಗುವ ಬಿಗಿತವೇ ಹೂಪ್ ಸ್ಟ್ರೆಸ್. ಇದು ಉದ್ದದ ದಿಕ್ಕಿನ ಬಿಗಿತದ ಎರಡರಷ್ಟಿರುವುದರಿಂದ ಇಂಥ ಕೊಳವೆಗಳು ಸಾಮಾನ್ಯವಾಗಿ ಉದ್ದಕ್ಕೆ ಸೀಳುತ್ತವೆ.

ಹೂಪ್‌ನ ಅತಿ ಮಹತ್ವದ ಬಳಕೆ ಮಾತ್ರ ಕಣ್ಣಿಗೆ ಕಾಣುವುದಿಲ್ಲ. ಕಾಂಕ್ರೀಟ್ ಕಂಬದೊಳಗೆ ನೆಟ್ಟಗೆ ನಿಂತ ಸರಳುಗಳನ್ನು ಸುತ್ತುವರಿದು ಕಟ್ಟುವ, ನಮ್ಮ ಗಾರೆ ಕೆಲಸದವರು ರಿಂಗ್ ಎನ್ನುವ ಉಕ್ಕಿನ ಬಳೆ ಅದು. 1993ರಲ್ಲಿ ಪ್ರಕಟವಾಗಿ 2016ರಲ್ಲಿ ಪರಿಷ್ಕೃತಗೊಂಡ ಐಎಸ್ 13920 ಸಂಹಿತೆಯ ಪ್ರಕಾರ, ಹೂಪ್‌ನ ಎರಡೂ ತುದಿಗಳನ್ನು 135 ಡಿಗ್ರಿ ಕೋನದಲ್ಲಿ ಕಂಬದ ಒಳಭಾಗಕ್ಕೆ ಬಾಗಿಸಿರಬೇಕು. ಕೇವಲ 90 ಡಿಗ್ರಿ ಬಾಗಿಸಿದ ಕೊಕ್ಕೆ, ಭೂಕಂಪದಲ್ಲಿ ಹೊರಪದರದ ಕಾಂಕ್ರೀಟ್ ಉದುರಿದೊಡನೆ ಬಿಚ್ಚಿಕೊಳ್ಳಬಹುದು. ಆಗ ಸರಳುಗಳು ಹೊರಕ್ಕೆ ಬಾಗಿ ಕಂಬ ಕುಸಿಯುತ್ತದೆ. 2001ರ ಜನವರಿ 26ರ ಭುಜ್ ಭೂಕಂಪದಲ್ಲಿ ನೆಲಕಚ್ಚಿದ ಕಟ್ಟಡಗಳಲ್ಲಿ ಕಂಡುಬಂದ ದೋಷಗಳಲ್ಲಿ ಇದೂ ಒಂದು.

ಕಾಂಕ್ರೀಟ್ ಸುರಿದ ಮೇಲೆ ಈ ಬಳೆಗಳನ್ನು ಪರೀಕ್ಷಿಸುವುದು ಕಷ್ಟ. ಆದ್ದರಿಂದ ಮನೆ ಕಟ್ಟಿಸುವವರು ಅವುಗಳ ನಡುವಿನ ಅಂತರವನ್ನೂ ಕೊಕ್ಕೆಯ ಬಾಗನ್ನೂ ಅದಕ್ಕೆ ಮೊದಲೇ ಇಂಜಿನಿಯರ್ ಜೊತೆ ನಿಂತು ನೋಡಿಕೊಳ್ಳುವುದು ಒಳಿತು.