ಪಹಣಿಯಲ್ಲಿ ಕಾಣದ ಹೆಸರುಗಳು

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ – ಈ ನಾಲ್ಕು ತಾಲೂಕುಗಳು 2007ರಲ್ಲಿ ಬೆಂಗಳೂರು ಗ್ರಾಮಾಂತರದಿಂದ ಬೇರ್ಪಟ್ಟು ರಾಮನಗರ ಜಿಲ್ಲೆಯಾದವು. 2025ರಲ್ಲಿ ಆ ಜಿಲ್ಲೆಗೆ ಬೆಂಗಳೂರು ದಕ್ಷಿಣ ಎಂಬ ಹೆಸರು ಬಂತು. ರಾಗಿ, ರೇಷ್ಮೆ, ಮಾವಿನ ಈ ಸೀಮೆಗೆ ರಾಜಧಾನಿಯಿಂದ ಗಿರಾಕಿಗಳು ಬರುತ್ತಿದ್ದಾರೆ. ಅವರು ಮೊದಲು ಕೇಳುವುದು ಎಕರೆಯ ದರ. ನೆಲ ಯಾರ ಕೈಯಿಂದ ಯಾರ ಕೈಗೆ ಬಂತೆಂದು ಕೇಳುವವರು ಕಡಿಮೆ.

ಹಳೆಯ ಮೈಸೂರಿನಲ್ಲಿ ನೆಲದ ಲೆಕ್ಕ ವಂಶಪಾರಂಪರ್ಯ ಶಾನುಭೋಗರ ಕಡತದಲ್ಲಿತ್ತು. ಸ್ವಾತಂತ್ರ್ಯಾನಂತರ ಇನಾಂ ಜಮೀನುಗಳು ರದ್ದಾದವು, ಶಾನುಭೋಗಿಕೆಯೂ ಹೋಯಿತು. 1961ರ ಭೂಸುಧಾರಣಾ ಕಾಯ್ದೆಗೆ ದೇವರಾಜ ಅರಸರ ಕಾಲದಲ್ಲಿ ಬಲ ಬಂತು. 1974ರ ಮಾರ್ಚ್ 1ರಂದು ಗೇಣಿ ಜಮೀನುಗಳು ಸರ್ಕಾರಕ್ಕೆ ಸೇರಿದವು. ಉಳುವವರು ಭೂ ನ್ಯಾಯಮಂಡಳಿಗೆ ಅರ್ಜಿ ಹಾಕಿ ಒಡೆತನ ಪಡೆದರು. ಬೇಸಾಯಗಾರರಲ್ಲದವರು ಮತ್ತು ಬೇರೆ ಮೂಲದ ಆದಾಯ ಮಿತಿ ಮೀರಿದವರು ಕೃಷಿ ಭೂಮಿ ಕೊಳ್ಳದಂತೆ 79ಎ, 79ಬಿ ಕಲಂಗಳು ತಡೆದವು. ಆ ಆದಾಯ ಮಿತಿ 1995ರಲ್ಲಿ 2 ಲಕ್ಷ, 2015ರಲ್ಲಿ 25 ಲಕ್ಷ ರೂಪಾಯಿಗೆ ಏರಿತು. 2020ರಲ್ಲಿ ಆ ಕಲಂಗಳನ್ನೇ ಕೈಬಿಡಲಾಯಿತು.

ಹೀಗೆ ಬಾಗಿಲು ತೆರೆದಾಗ ಕೊಳ್ಳುವವರಿಗೆ ಅನುಕೂಲವಾಯಿತು, ಸರಿಯೇ. ಆದರೆ ಹಿಂದೆ ಕಾನೂನು 'ಯಾರು ಕೊಳ್ಳಬಹುದು' ಎಂದು ಕೇಳುತ್ತಿತ್ತು; ಈಗ ಉಳಿದಿರುವ ಪ್ರಶ್ನೆ 'ಯಾರು ಮಾರಬಹುದು' ಎಂಬುದು. ಅದಕ್ಕೆ ಉತ್ತರ ಹುಡುಕುವ ಹೊರೆ ಕೊಳ್ಳುವವರ ಹೆಗಲಿಗೆ ಬಿದ್ದಿದೆ.

ಪಹಣಿಯಲ್ಲಿ ಹೆಸರಿದ್ದರೆ ಸಾಕೆಂದು ಬಹಳ ಜನ ನಂಬಿದ್ದಾರೆ. 2000ರ ಸುಮಾರಿಗೆ 'ಭೂಮಿ' ಯೋಜನೆಯಿಂದ ಪಹಣಿ ಗಣಕಯಂತ್ರಕ್ಕೆ ಬಂದ ಮೇಲೆ ಆ ನಂಬಿಕೆ ಇನ್ನೂ ಗಟ್ಟಿಯಾಯಿತು. ಆದರೆ ಪಹಣಿ ಕಂದಾಯದ ದಾಖಲೆಯೇ ಹೊರತು ಒಡೆತನದ ಪತ್ರವಲ್ಲ. ಅದರಲ್ಲಿರುವುದನ್ನು ಬೇರೆ ಸಾಕ್ಷ್ಯ ಸಿಗುವವರೆಗೆ ಮಾತ್ರ ಕಾನೂನು ನಿಜವೆಂದು ಭಾವಿಸುತ್ತದೆ.

ಪಹಣಿಯಲ್ಲಿ ಕಾಣದ ಹೆಸರುಗಳು ಯಾರವು? ಒಂದು, ಹೆಣ್ಣುಮಕ್ಕಳವು. ತಂದೆ ತೀರಿದ ಮೇಲೆ ಖಾತೆ ಅಣ್ಣತಮ್ಮಂದಿರ ಹೆಸರಿಗೆ ಹೋಗುವುದು ನಮ್ಮಲ್ಲಿ ರೂಢಿ. ಹಿಂದೂ ಅವಿಭಕ್ತ ಕುಟುಂಬದ ಮಗಳಿಗೆ ಕರ್ನಾಟಕದ ತಿದ್ದುಪಡಿ 1994ರಿಂದ, ಕೇಂದ್ರದ ತಿದ್ದುಪಡಿ 2005ರಿಂದ ಸಮಪಾಲು ನೀಡಿವೆ. ಮುಸ್ಲಿಮ್ ವಾರಸಾ ನಿಯಮದಲ್ಲಿ ಮಗಳ ಪಾಲು ಮೊದಲಿನಿಂದಲೂ ನಿಗದಿಯಾಗಿದೆ. ಆದರೂ ಮಾರಾಟದ ದಿನ ಆಕೆಯನ್ನು ಕರೆಯುವವರು ಎಷ್ಟು ಮಂದಿ?

ಇನ್ನೊಂದು, ಸರ್ಕಾರದಿಂದ ಜಮೀನು ಮಂಜೂರಾದ ಪರಿಶಿಷ್ಟ ಜಾತಿ, ಪಂಗಡದ ಕುಟುಂಬಗಳ ಹೆಸರು. 1978ರ ಪಿ.ಟಿ.ಸಿ.ಎಲ್. ಕಾಯ್ದೆಯಂತೆ ಅಂಥ ಜಮೀನನ್ನು ಸರ್ಕಾರದ ಪೂರ್ವಾನುಮತಿಯಿಲ್ಲದೆ ಮಾರಿದರೆ ಕ್ರಯ ಅಸಿಂಧು. ತಡವಾಗಿ ಬಂದ ಅರ್ಜಿಗಳನ್ನು ನ್ಯಾಯಾಲಯಗಳು ತಳ್ಳಿಹಾಕತೊಡಗಿದಾಗ, 2023ರ ತಿದ್ದುಪಡಿ ಜಮೀನು ಮರಳಿ ಕೇಳಲು ಕಾಲಮಿತಿ ಇಲ್ಲವೆಂದಿತು. ಕಷ್ಟಕಾಲದಲ್ಲಿ ಮೂರು ಕಾಸಿಗೆ ಕೈತಪ್ಪಿದ ನೆಲದ ನೋವು ಈ ಕಾನೂನಿನ ಹಿಂದಿದೆ.

ಆದ್ದರಿಂದ ಮುಂಗಡ ಕೊಡುವ ಮೊದಲು ಮೂಲ ಮಂಜೂರಾತಿ ಪತ್ರ, ಹಳೆಯ ಕ್ರಯಪತ್ರಗಳು, ಮ್ಯುಟೇಶನ್, ಋಣಭಾರ ಪತ್ರ, ವಂಶವೃಕ್ಷ ನೋಡಬೇಕು. ಸರ್ವೆಯವರ ನಕ್ಷೆ ಹಿಡಿದು ಹದ್ದುಬಸ್ತು ಅಳೆಸಬೇಕು. ಹಕ್ಕುದಾರರೆಲ್ಲರೂ ಸಹಿ ಹಾಕಿದ ಕ್ರಯಪತ್ರವನ್ನು ಉಪನೋಂದಣಿ ಕಚೇರಿಯಲ್ಲಿ ನೋಂದಾಯಿಸಿ, ಬಳಿಕ ಖಾತೆ ಬದಲಿಸಿಕೊಳ್ಳಬೇಕು. ಕರಾರುಪತ್ರ, ಮುಖ್ತ್ಯಾರುನಾಮೆಗಳಿಂದ ಒಡೆತನ ಬರುವುದಿಲ್ಲವೆಂದು ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ.

ಇವೆಲ್ಲ ವಕೀಲರ ತಾಪತ್ರಯವೆಂದು ನಾವು ಗೊಣಗುತ್ತೇವೆ. ಆದರೆ ಒಂದೊಂದು ಕಾಗದವೂ ಯಾವುದೋ ಒಬ್ಬರ ಹಕ್ಕನ್ನು ಕಾಯಲು ಹುಟ್ಟಿದ್ದು. ಅಕ್ಕತಂಗಿಯರ ಪಾಲು ಮುಚ್ಚಿಟ್ಟು, ಬಡವನ ಮಂಜೂರಾತಿ ಮರೆಮಾಚಿ ಕೊಂಡ ತೋಟದಲ್ಲಿ ಮಾವು ಎಷ್ಟು ಬಿಟ್ಟರೂ ಅದು ಸಿಹಿಯಾದೀತೇ?