ಪುರುಸೊತ್ತು

ಪುರುಸೊತ್ತು ಎಂಬ ಮಾತು ನಮ್ಮ ಬಾಯಿಗೆ ಬರುವುದು ಹೆಚ್ಚಾಗಿ ಅದು ಇಲ್ಲ ಎಂದು ಹೇಳುವಾಗ. ಉಸಿರು ಬಿಡೋಕೂ ಪುರುಸೊತ್ತಿಲ್ಲ, ತಲೆ ಬಾಚಿಕೊಳ್ಳೋಕೂ ಪುರುಸೊತ್ತಿಲ್ಲ, ಕೊನೆಗೆ ಸಾಯೋಕೂ ಪುರುಸೊತ್ತಿಲ್ಲ. 'ಬಾಗಿಲು ತೆಗೆಯೋ ಪುರುಸೊತ್ತಿಲ್ಲ, ಬೆಕ್ಕು ಒಳಗೆ ನುಗ್ಗಿರುತ್ತೆ' ಎನ್ನುವಾಗ ಅದರ ಅಳತೆ ಕಣ್ಣು ಮಿಟುಕಿಸುವಷ್ಟು ಹೊತ್ತು. ಯಾರನ್ನಾದರೂ ಮನೆಗೆ ಕರೆಯುವಾಗ 'ಪುರುಸೊತ್ತು ಮಾಡ್ಕೊಂಡು ಬನ್ನಿ' ಅನ್ನುತ್ತೇವೆ. ತಾನಾಗಿ ಸಿಗುವ ವಸ್ತು ಇದಲ್ಲವೆಂದು ಕರೆಯುವವರಿಗೂ ಗೊತ್ತು, ಬರುವವರಿಗೂ ಗೊತ್ತು.

ಹಾಜರಿ, ರಜಾ, ಜರೂರು ಬಂದ ದಾರಿಯಲ್ಲೇ ಈ ಪದವೂ ಬಂತು. ಅರಬ್ಬಿಯ 'ಫುರ್ಸ', ಪಾರಸಿ ಉರ್ದುಗಳಲ್ಲಿ 'ಫುರ್ಸತ್' ಆಗಿ, ಕನ್ನಡಕ್ಕೆ ಬಂದಾಗ ಫಕಾರ ಬಿಟ್ಟು, ಕೊನೆಗೊಂದು ಉಕಾರ ಹಚ್ಚಿಕೊಂಡು ನಮ್ಮದೇ ಆಯಿತು. ಅರಬ್ಬಿಯಲ್ಲಿ ಇಂದಿಗೂ ಅದಕ್ಕೆ ಅವಕಾಶ ಎಂಬ ಅರ್ಥ. ಇಬ್ನ್ ಮಂಜೂರ್ 13ನೇ ಶತಮಾನದಲ್ಲಿ ಸಿದ್ಧಪಡಿಸಿದ 'ಲಿಸಾನುಲ್ ಅರಬ್' ನಿಘಂಟಿನಲ್ಲಿ ಇನ್ನೂ ಹಳೆಯದೊಂದು ಅರ್ಥವಿದೆ: ನೀರಿಗಾಗಿ ಸೇರಿದ ಜನ ಒಬ್ಬರ ನಂತರ ಒಬ್ಬರು ಪಡೆಯುವ ಸರದಿ. ನಮ್ಮ ಮಾತಿನಲ್ಲಿ ಹೇಳುವುದಾದರೆ, ನೀರಿನ ಪಾಳಿ.

ಈ ಅರ್ಥ ನನ್ನನ್ನು ಬಹಳ ಹೊತ್ತು ಹಿಡಿದು ನಿಲ್ಲಿಸಿತು. ಕೆಲಸದ ಜಾಗದಲ್ಲಿ ದಿಕ್ಕು ತೋಚದೆ ಕೂತವರು 'ಪುರುಸೊತ್ತಿಲ್ಲ' ಎಂದಾಗ ನಾವು ಕೇಳಿಸಿಕೊಳ್ಳುವುದು 'ಸಮಯವಿಲ್ಲ' ಎಂದು. ಅವರಿಗೆ ಇಲ್ಲದಿರುವುದು ಬಹಳ ಸಲ ಪಾಳಿ. ಎಲ್ಲವೂ ಒಂದೇ ಸಲಕ್ಕೆ ಮೇಲೆ ಬಿದ್ದಿರುತ್ತದೆ.

ನನ್ನ ಗೆಳತಿಯೊಬ್ಬರು ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯಲ್ಲಿ ಟೀಚರ್. ಒಂದರಿಂದ ಮೂರನೇ ತರಗತಿಯವರೆಗಿನ ಮಕ್ಕಳು ನಲಿ-ಕಲಿಯ ಒಂದೇ ಕೋಣೆಯಲ್ಲಿ ಗುಂಪುಗುಂಪಾಗಿ ಕೂತಿರುತ್ತಾರೆ. ಬೆಳಿಗ್ಗೆ ಹಾಲು, ಮಧ್ಯಾಹ್ನ ಬಿಸಿಯೂಟ; ಮೊಟ್ಟೆ ತಿಂದವರೆಷ್ಟು, ಬಾಳೆಹಣ್ಣು ಕೇಳಿದವರೆಷ್ಟು ಎಂಬ ಲೆಕ್ಕ; ಮಕ್ಕಳ ದಾಖಲೆಯ ಎಸ್‌ಎಟಿಎಸ್ ಜಾಲತಾಣದಲ್ಲಿ ನಮೂದು. ನಡುವೆ ಮೊಬೈಲಿಗೆ 'ತುರ್ತು, 12 ಗಂಟೆಯೊಳಗೆ ವಿವರ ಸಲ್ಲಿಸಿ' ಎಂಬ ಸಂದೇಶ. ಒಂದು ದಿನ ಅವರು ಆ ಸಂದೇಶ ಓದುತ್ತಿದ್ದಾಗ ಪುಟ್ಟ ಹುಡುಗಿಯೊಬ್ಬಳು ಸ್ಲೇಟು ಎತ್ತಿ ಹಿಡಿದು 'ಮಿಸ್, ತೋರಿಸ್ಲಾ?' ಎಂದಳು. ಇವರು ತಲೆಯಾಡಿಸಿದರು, ನೋಡಲಿಲ್ಲ. ಅದೇ ಸಂದೇಶವನ್ನು ಮತ್ತೆ ಓದಿದರು, ಮತ್ತೂ ಓದಿದರು, ತಲೆಗೆ ಹೋಗಲಿಲ್ಲ. ಮಗು ಕೈ ಸೋತು ಸ್ಲೇಟನ್ನು ಎದೆಗೆ ಆನಿಸಿಕೊಂಡಿತ್ತು. ಬಳಪದ ಅಕ್ಷರವೆಲ್ಲ ಅಂಗಿಗೆ ಅಂಟಿತ್ತು. 'ಏನೇನು ಮಾಡಬೇಕು ಅಂತ ಗೊತ್ತಿತ್ತು ಕಣೆ, ಯಾವುದು ಮೊದಲು ಅಂತ ತೋಚಲಿಲ್ಲ' ಎಂದು ಆಮೇಲೆ ಹೇಳಿದರು.

ಇದನ್ನು ದೌರ್ಬಲ್ಯ ಎಂದುಕೊಳ್ಳುವವರ ಮೇಲೆ ನನಗೆ ಸಿಟ್ಟು ಬರುತ್ತದೆ. ಮನಸ್ಸು ಕೆಲಸ ಮಾಡುವ ಬಗೆಯೇ ಹಾಗೆ. ಬರ್ಲಿನ್‌ನಲ್ಲಿ ಪ್ರಯೋಗ ನಡೆಸಿದ ಮನಶ್ಶಾಸ್ತ್ರಜ್ಞೆ ಬ್ಲೂಮಾ ಝೈಗಾರ್ನಿಕ್, ಮುಗಿಸಿದ ಕೆಲಸಕ್ಕಿಂತ ಅರ್ಧಕ್ಕೆ ನಿಲ್ಲಿಸಿದ ಕೆಲಸ ಜನರಿಗೆ ಹೆಚ್ಚು ನೆನಪಿರುತ್ತದೆ ಎಂದು 1927ರಲ್ಲಿ ಬರೆದರು. ಬಾಕಿ ಉಳಿದದ್ದು ಒಳಗೇ ಕೂತು ಕರೆಯುತ್ತಿರುತ್ತದೆ. ಮನಶ್ಶಾಸ್ತ್ರಜ್ಞರಾದ ಮಸಿಕಾಂಪೊ ಮತ್ತು ಬಾಮೈಸ್ಟರ್ 2011ರಲ್ಲಿ ಪ್ರಕಟಿಸಿದ ಅಧ್ಯಯನ ನನಗೆ ಇನ್ನೂ ಮುಖ್ಯವೆನಿಸಿದೆ. ಬಾಕಿ ಕೆಲಸವನ್ನು ಯಾವಾಗ, ಹೇಗೆ ಮಾಡುತ್ತೇವೆಂದು ಖಚಿತವಾಗಿ ಗೊತ್ತುಮಾಡಿಕೊಂಡವರಿಗೆ, ಕೆಲಸ ಇನ್ನೂ ಆಗದಿದ್ದರೂ, ಅದರ ಕಾಟ ಕಡಿಮೆಯಾಗಿತ್ತು. ಪಾಳಿ ಗೊತ್ತಾದರೆ ಸಾಕು, ಮನಸ್ಸು ಕಾಯಲು ಒಪ್ಪುತ್ತದೆ.

ಗೆಳತಿ ಈಗ ಮಾಡುವುದೂ ಇಷ್ಟೇ. ತಲೆ ಕೆಟ್ಟಿತು ಅನ್ನಿಸಿದ ಕೂಡಲೇ ಫೋನು ಮಗುಚಿ ಇಟ್ಟು, ಒಂದು ಲೋಟ ನೀರು ಕುಡಿದು, ಹಾಜರಿ ಪುಸ್ತಕದ ಪಕ್ಕದ ನೋಟ್‌ಬುಕ್ಕಿನಲ್ಲಿ ಬರೆಯುತ್ತಾರೆ: ಮೊಟ್ಟೆ ಲೆಕ್ಕ, ಊಟ ಆದಮೇಲೆ. ನಮೂದು, ಮಕ್ಕಳು ಹೋದಮೇಲೆ. ಆಮೇಲೆ ಸ್ಲೇಟು ನೋಡುತ್ತಾರೆ, ಪೂರ್ತಿ ನೋಡುತ್ತಾರೆ.

ಆದರೆ ಪಾಳಿ ಗೊತ್ತುಮಾಡುವ ಹೊಣೆಯನ್ನೆಲ್ಲ ಒಬ್ಬರ ನೋಟ್‌ಬುಕ್ಕಿಗೆ ಹೊರಿಸುವುದು ತಪ್ಪು. ಕೋಲಾರದ ಕಡೆಯ ಕೆರೆಗಳಿಗೆ ನೀರುಗಂಟಿ ಇರುತ್ತಿದ್ದ. ತೂಬು ಎತ್ತುವುದು, ಇಳಿಸುವುದು, ಇವತ್ತು ಯಾರ ಗದ್ದೆಗೆ ಎಂದು ನೋಡಿ ನೀರು ತಿರುಗಿಸುವುದು ಅವನ ಕೆಲಸ; ಸುಗ್ಗಿಯಲ್ಲಿ ರೈತರು ಅವನಿಗೆ ಕಾಳು ಅಳೆದು ಕೊಡುತ್ತಿದ್ದರು. ಪಾಳಿಯನ್ನು ಊರು ಒಬ್ಬ ರೈತನ ಹಣೆಬರಹಕ್ಕೆ ಬಿಟ್ಟಿರಲಿಲ್ಲ. ನಮ್ಮ ಕಚೇರಿಗಳಲ್ಲಿ ಎಲ್ಲರೂ ತೂಬು ಎತ್ತುವವರೇ. ಕೆಲಸದ ಒತ್ತಡದಲ್ಲಿ ಹೀಗೆ ಬಸವಳಿಯುವುದನ್ನು, ಅಂದರೆ ಬರ್ನ್‌ಔಟನ್ನು, ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ರೋಗವೆಂದು ಕರೆಯದೆ ಉದ್ಯೋಗಕ್ಕೆ ಸಂಬಂಧಪಟ್ಟ ವಿದ್ಯಮಾನ ಎಂದೇ ಬರೆಯಿತು. 2009ರ ಶಿಕ್ಷಣ ಹಕ್ಕು ಕಾಯ್ದೆಯ 27ನೇ ಸೆಕ್ಷನ್ ಜನಗಣತಿ, ವಿಪತ್ತು ಪರಿಹಾರ, ಚುನಾವಣೆ ಬಿಟ್ಟು ಶಿಕ್ಷಣೇತರ ಕೆಲಸಕ್ಕೆ ಶಿಕ್ಷಕರನ್ನು ಹಚ್ಚಬಾರದು ಎನ್ನುತ್ತದೆ. ಶಾಲೆಯೊಳಗೇ ಬೆಳೆದ ಲೆಕ್ಕಪತ್ರದ ರಾಶಿಗೆ ಅಂಥ ಮಿತಿಯನ್ನು ಅದು ಹಾಕಿಲ್ಲ. ವಾರಗಟ್ಟಲೆ ನಿದ್ದೆ ಹತ್ತದಿದ್ದರೆ, ಬೆಳಗಾಗುವುದೇ ಬೇಡ ಅನ್ನಿಸತೊಡಗಿದರೆ ಅದು ಪಾಳಿಯನ್ನೂ ಮೀರಿದ ಮಾತು. 14416ಕ್ಕೆ ಕರೆ ಮಾಡಿದರೆ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ-ಮಾನಸ್‌ನವರು ಕನ್ನಡದಲ್ಲೇ ಮಾತಾಡುತ್ತಾರೆ.

ಮಿಕ್ಕಂತೆ ಕೆಲಸ ಹೇಳುವವರನ್ನು 'ಇವೆರಡರಲ್ಲಿ ಯಾವುದು ಮೊದಲು, ಯಾವುದು ಕಾಯಬಹುದು?' ಎಂದು ಕೇಳಬೇಕು. ಆಗಲ್ಲ ಎಂದಂತೆಯೂ ಅಲ್ಲ, ಎಲ್ಲಕ್ಕೂ ಹ್ಞೂಂ ಎಂದಂತೆಯೂ ಅಲ್ಲ. ಗೆಳತಿ ಹೋದ ತಿಂಗಳು ಹೀಗೆ ಕೇಳಿದರಂತೆ, ಮೊದಲ ಸಲ, ಹೆದರಿಕೊಂಡೇ. ಆ ತುರ್ತು ವಿವರವನ್ನು ಸೋಮವಾರ ಕೊಟ್ಟರೂ ನಡೆಯುತ್ತೆ ಎಂದು ಉತ್ತರ ಬಂತು.